ಕಂಪೆನಿಯ ಹಣ, ಮಗುವಿನ ಓದು

ಮಗುವು ಅಕ್ಷರವನ್ನು ಶಾಲೆಯಲ್ಲಿ ಕಲಿಯುತ್ತದೆ. ಓದುವ ಅಭ್ಯಾಸವನ್ನಾದರೋ ಬಹುಮಟ್ಟಿಗೆ ಮನೆಯಲ್ಲಿ ಕಲಿಯುತ್ತದೆ. ಅಜ್ಜಿ ಹೇಳುವ ಕಥೆ, ತಂದೆ ಗಟ್ಟಿಯಾಗಿ ಓದುವ ಪತ್ರಿಕೆ, ಅಕ್ಕನ ಹಳೆಯ ಪಠ್ಯಪುಸ್ತಕ ಇವೆಲ್ಲವೂ ಓದಿಗೆ ಹದಗೊಳಿಸಿದ ನೆಲವಿದ್ದಂತೆ. ಈ ನೆಲವಿಲ್ಲದ ಮನೆಯ ಮಗುವು ಶಾಲೆಗೆ ಬಂದಾಗ ಇತರರಿಗಿಂತ ಹಿಂದೆ ನಿಂತಿರುತ್ತದೆ. ಆದುದರಿಂದಲೇ ಶಿಕ್ಷಣ ತಜ್ಞರು ಮಗು ಮತ್ತು ತಂದೆತಾಯಿಗಳನ್ನು ಒಟ್ಟಿಗೆ ಓದಿನ ಬಳಿಗೆ ತರುವ ಕಾರ್ಯಕ್ಕೆ ‘ಕೌಟುಂಬಿಕ ಸಾಕ್ಷರತೆ’ ಎಂಬ ಹೆಸರಿಟ್ಟರು. ಅಮೆರಿಕದ ಡೆನ್ನಿ ಟೇಲರ್ ಎಂಬಾಕೆ 1983ರಲ್ಲಿ ಇದೇ ಹೆಸರಿನ ಗ್ರಂಥವನ್ನು ಪ್ರಕಟಿಸಿದರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1992ರಲ್ಲಿ, ಹಸುಗೂಸುಗಳ ಕುಟುಂಬಗಳಿಗೆ ಪುಸ್ತಕಗಳನ್ನು ಉಚಿತವಾಗಿ ಕೊಡುವ ‘ಬುಕ್‌ಸ್ಟಾರ್ಟ್’ ಯೋಜನೆ ಪ್ರಾರಂಭವಾಯಿತು.

ಇಂತಹ ಕಾರ್ಯಕ್ಕೆ ಹಣ ಕೊಡುವವರಾರು? ನಮ್ಮ ನಾಡಿನಲ್ಲಿ ಈ ಭಾರವನ್ನು ಹೊತ್ತವರು ಸರ್ಕಾರ ಮತ್ತು ಸಾರ್ವಜನಿಕರು. ಮೈಸೂರು ಸಂಸ್ಥಾನದಲ್ಲಿ 1940ರ ದಶಕದಲ್ಲಿ ವಯಸ್ಕರ ಶಿಕ್ಷಣದ ಚಳುವಳಿ ನಡೆದು, ಹೊಸದಾಗಿ ಅಕ್ಷರ ಕಲಿತವರಿಗಾಗಿಯೇ ‘ಬೆಳಕು’ ಎಂಬ ವಾರಪತ್ರಿಕೆ ಹೊರಟಿತು. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯು ಗ್ರಂಥಾಲಯಗಳಿಗೆಂದೇ ಪ್ರತ್ಯೇಕ ಕರವನ್ನು ಏರ್ಪಡಿಸಿತು. ಇವರೊಡನೆ ಮೂರನೆಯ ದಾನಿಯಾಗಿ ವ್ಯಾಪಾರದ ಕಂಪೆನಿಗಳು ಬಂದು ನಿಂತದ್ದು ಈಚಿನ ಬೆಳವಣಿಗೆ.

ಇದಕ್ಕೆ ಕಾನೂನಿನ ಆಧಾರವನ್ನಿತ್ತದ್ದು 2013ರ ಕಂಪೆನಿಗಳ ಕಾಯಿದೆಯ 135ನೆಯ ಪ್ರಕರಣ. ಅದು 2014ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. 500 ಕೋಟಿ ರೂಪಾಯಿಯ ನಿವ್ವಳ ಸಂಪತ್ತು, ಇಲ್ಲವೆ 1000 ಕೋಟಿಯ ವಹಿವಾಟು, ಇಲ್ಲವೆ 5 ಕೋಟಿಯ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪೆನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನಾದರೂ ಸಮಾಜದ ಕಾರ್ಯಕ್ಕೆ ವ್ಯಯಮಾಡಬೇಕೆಂದು ಕಾಯಿದೆ ವಿಧಿಸಿತು. ಕಾಯಿದೆಯ ಏಳನೆಯ ಅನುಸೂಚಿಯಲ್ಲಿ ಇಂತಹ ಕಾರ್ಯಗಳ ಪಟ್ಟಿಯಿದ್ದು, ಶಿಕ್ಷಣವೂ ಅದರಲ್ಲಿ ಸೇರಿದೆ. ಕಂಪೆನಿಯು ತಾನು ಉದ್ಯಮ ನಡೆಸುವ ಸ್ಥಳಕ್ಕೂ ಅದರ ಸುತ್ತಣ ಪ್ರದೇಶಕ್ಕೂ ಪ್ರಾಶಸ್ತ್ಯ ಕೊಡಬೇಕೆಂಬ ಮಾತೂ ಕಾಯಿದೆಯಲ್ಲಿದೆ. ಕೊಡಗಿನವರಾದ ನಾವು ಈ ಮಾತನ್ನು ನೆನಪಿನಲ್ಲಿಡತಕ್ಕದ್ದು.

ಕಾಯಿದೆ ಹುಟ್ಟುವುದಕ್ಕೆ ಮುಂಚೆಯೇ ಕರ್ನಾಟಕದಲ್ಲಿ ಈ ಕೆಲಸ ಮೊದಲಾಗಿತ್ತೆಂಬುದು ಹೆಮ್ಮೆಯ ಸಂಗತಿ. 1996ರಲ್ಲಿ ಸ್ಥಾಪಿತವಾದ ಇನ್ಫೋಸಿಸ್ ಪ್ರತಿಷ್ಠಾನವು ಶ್ರೀಮತಿ ಸುಧಾ ಮೂರ್ತಿಯವರ ನೇತೃತ್ವದಲ್ಲಿ ಸಾವಿರಾರು ಶಾಲೆಗಳಿಗೆ ಪುಸ್ತಕ ಭಂಡಾರಗಳನ್ನು ಒದಗಿಸಿತು. ಬೆಂಗಳೂರಿನಲ್ಲಿ 2004ರಲ್ಲಿ ಹುಟ್ಟಿದ ‘ಪ್ರಥಮ್ ಬುಕ್ಸ್’ ಸಂಸ್ಥೆಯು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಅಗ್ಗದ ಬೆಲೆಯ ಸಚಿತ್ರ ಕಥೆಗಳನ್ನು ಪ್ರಕಟಿಸಿತು. 2015ರಲ್ಲಿ ಅದು ‘ಸ್ಟೋರಿವೀವರ್’ ಎಂಬ ಜಾಲತಾಣವನ್ನು ತೆರೆದು, ಯಾರು ಬೇಕಾದರೂ ಕಥೆಗಳನ್ನು ಓದಲು, ಭಾಷಾಂತರಿಸಲು, ಅಚ್ಚುಮಾಡಿಕೊಳ್ಳಲು ಅನುಮತಿಯಿತ್ತಿತು. 2019ರಲ್ಲಿ ರಾಜ್ಯದ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು. ಮರುವರ್ಷ ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ದೊರೆಯಿತು. ಇಂತಹ ಅನೇಕ ಗ್ರಂಥಾಲಯಗಳಿಗೆ ಶಿಕ್ಷಣ ಫೌಂಡೇಷನ್ ಸಂಸ್ಥೆಯು ಡೆಲ್ ಕಂಪೆನಿಯ ನೆರವಿನಿಂದ ಗಣಕಯಂತ್ರಗಳನ್ನು ತಲಪಿಸಿತು.

ಹೀಗೆ ಪುಸ್ತಕ ಬಂದಿತು, ಕಪಾಟು ಬಂದಿತು, ಯಂತ್ರವೂ ಬಂದಿತು. ಆದರೂ 2022ರ ‘ಅಸರ್’ ಸಮೀಕ್ಷೆಯವರು ದೇಶದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ನೋಡಿದಾಗ, ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ನೂರಕ್ಕೆ ಸುಮಾರು 43 ಮಂದಿ ಮಾತ್ರ. ಸಾಂಕ್ರಾಮಿಕದ ಕಾಲದಲ್ಲಿ ಶಾಲೆಗಳು ಮುಚ್ಚಿದ್ದುದು ಇದಕ್ಕೆ ಒಂದು ಕಾರಣ, ನಿಜ. ಆದರೆ ಅದಕ್ಕೆ ಹಿಂದಿನ 2018ರ ಸಮೀಕ್ಷೆಯಲ್ಲಿಯೂ ಈ ಸಂಖ್ಯೆ ಅರ್ಧದ ಆಸುಪಾಸಿನಲ್ಲಿಯೇ ಇತ್ತು. ಪುಸ್ತಕಕ್ಕೂ ಮಗುವಿಗೂ ನಡುವೆ ಏನೋ ಒಂದು ಕೊರತೆ ಉಳಿದಿದೆಯೆಂಬುದು ಇದರಿಂದ ಸ್ಪಷ್ಟ. ಆ ಕೊರತೆ ಯಾವುದು?

ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ಗೋಣಿಕೊಪ್ಪಲಿನ ಸುತ್ತಲೂ ಕಾಫಿಯ ತೋಟಗಳಿವೆ. 2011ರ ಜನಗಣತಿಯಂತೆ ಕೊಡಗಿನಲ್ಲಿ ನೂರಕ್ಕೆ ಸುಮಾರು 82 ಮಂದಿ ಅಕ್ಷರಸ್ಥರು. ಇದು ರಾಜ್ಯದ ಸರಾಸರಿಗಿಂತ ಹೆಚ್ಚು. ಸರಾಸರಿಯೆಂಬುದು ಮಾತ್ರ ಎಲ್ಲ ಮನೆಗಳ ಒಳಗನ್ನು ತೋರಿಸಲಾರದು. ತೋಟದ ಲೈನ್‌ಮನೆಯಲ್ಲಿ ಬೆಳೆಯುವ ಮಗುವಿನ ಮನೆಮಾತು ಎರವರ ನುಡಿಯಾಗಿರಬಹುದು, ಕುರುಬರ ನುಡಿಯಾಗಿರಬಹುದು, ತಮಿಳೋ ಮಲೆಯಾಳವೋ ಆಗಿರಬಹುದು. ಈಚೆಗೆ ಅಸ್ಸಾಮಿನಿಂದ ಬಂದ ಕುಟುಂಬಗಳ ಮಾತೂ ಇದರೊಡನೆ ಸೇರಿದೆ. ಶಾಲೆಯ ಪುಸ್ತಕವಾದರೋ ಕನ್ನಡದಲ್ಲಿದೆ. ಕಾಫಿಯ ಕೊಯ್ಲಿನ ತಿಂಗಳುಗಳಲ್ಲಿ ತಾಯಿ ಮನೆಗೆ ಬರುವಾಗ ಸಂಜೆಯಾಗಿರುತ್ತದೆ. ಆಗ ಮಗುವು ಪುಸ್ತಕ ಹಿಡಿದು ಕುಳಿತರೆ ಅದರ ಓದನ್ನು ಕೇಳುವವರಾರು?

ತೋಟದ ಮಕ್ಕಳ ಬಗ್ಗೆ ಕಾನೂನು ಮೌನವಾಗಿರಲಿಲ್ಲ. 1951ರ ತೋಟ ಕಾರ್ಮಿಕರ ಕಾಯಿದೆಯು, ಕಾರ್ಮಿಕರ ಮಕ್ಕಳಲ್ಲಿ 6ರಿಂದ 12 ವಯಸ್ಸಿನವರ ಸಂಖ್ಯೆ 25ನ್ನು ಮೀರಿದ ತೋಟಗಳಲ್ಲಿ ಮಾಲೀಕರೇ ಶಿಕ್ಷಣದ ಅನುಕೂಲ ಕಲ್ಪಿಸುವಂತೆ ನಿಯಮ ಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿತ್ತು. ಅಂದರೆ ಅದು ದಾನದ ವಿಷಯವಲ್ಲ, ಮಾಲೀಕನ ಕರ್ತವ್ಯದ ವಿಷಯವಾಗಿತ್ತು. 2014ರ ಕಂಪೆನಿ ನಿಯಮಗಳೂ ಇದೇ ತತ್ವವನ್ನು ಹಿಡಿದು, ಸ್ವಂತ ನೌಕರರಿಗೂ ಅವರ ಕುಟುಂಬಕ್ಕೂ ಮಾತ್ರ ಪ್ರಯೋಜನವಾಗುವ ವೆಚ್ಚವನ್ನು ಸಾಮಾಜಿಕ ಹೊಣೆಯ ಲೆಕ್ಕಕ್ಕೆ ಸೇರಿಸಕೂಡದೆಂದವು. ತತ್ವವೇನೋ ಸರಿಯಾದುದೇ. ಆದರೆ ಕರ್ತವ್ಯದ ಲೆಕ್ಕದಲ್ಲಿ ಅಲಕ್ಷ್ಯವಾಗಿ, ದಾನದ ಲೆಕ್ಕದಲ್ಲಿ ಸ್ಥಳವಿಲ್ಲದೆ, ಲೈನ್‌ಮನೆಯ ಮಗುವು ಎರಡರ ನಡುವೆ ಬಿದ್ದುಹೋಗುವ ಅಪಾಯವೂ ಇಲ್ಲಿದೆ. ತೋಟದ ಮಕ್ಕಳೊಡನೆ ಊರಿನ ಮಕ್ಕಳಿಗೂ ಬಾಗಿಲು ತೆರೆದಿರುವ ಗ್ರಂಥಾಲಯವು ಈ ತೊಡಕಿಗೆ ಒಂದು ಪರಿಹಾರ.

ನಮ್ಮ ಜಿಲ್ಲೆಯಲ್ಲಿ ಕಂಪೆನಿಯ ನೆರವು ಫಲಕೊಟ್ಟ ಉದಾಹರಣೆಯೂ ಇದೆ. ಪೊಲ್ಲಿಬೆಟ್ಟವನ್ನು ಕೇಂದ್ರವಾಗಿಟ್ಟುಕೊಂಡು ಬೆಳೆದ ಟಾಟಾ ಕಾಫಿ ಕಂಪೆನಿಯ ಬೆಂಬಲ ಪಡೆದ ಕೂರ್ಗ್ ಫೌಂಡೇಷನ್ ಸಂಸ್ಥೆಯು ಸುಂಟಿಕೊಪ್ಪದಲ್ಲಿ ‘ಸ್ವಸ್ಥ’ ಎಂಬ ವಿಶೇಷ ಮಕ್ಕಳ ಶಾಲೆಯನ್ನು ನಡೆಸಿಕೊಂಡು ಬಂದಿದೆ. ಇಂತಹ ಶಾಲೆಯಲ್ಲಿ ಕಟ್ಟಡಕ್ಕಿಂತ ಮುಖ್ಯವಾದುದು ದಿನದಿನವೂ ಮಗುವಿನ ಬಳಿ ಕುಳಿತುಕೊಳ್ಳುವ ಶಿಕ್ಷಕರು. ಓದಿನ ಕಾರ್ಯಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಕೊರತೆಯಾಗಿರುವುದು ಮನುಷ್ಯನ ಸಾನ್ನಿಧ್ಯ. ಕಂಪೆನಿಗಳ ಹಣವು ಕಪಾಟಿಗೆ, ಬಣ್ಣಕ್ಕೆ, ಯಂತ್ರಕ್ಕೆ ಸುಲಭವಾಗಿ ಹರಿಯುತ್ತದೆ. ಏಕೆಂದರೆ ಅವುಗಳನ್ನು ಎಣಿಸಬಹುದು, ಭಾವಚಿತ್ರ ತೆಗೆಯಬಹುದು, ವಾರ್ಷಿಕ ವರದಿಯಲ್ಲಿ ಅಚ್ಚುಹಾಕಿಸಬಹುದು. ಸಂಜೆ ಎರಡು ಗಂಟೆ ಮಕ್ಕಳ ಓದನ್ನು ಕೇಳುವ ಒಬ್ಬ ಕಾರ್ಯಕರ್ತೆಯ ಸಂಬಳವು ಚಿತ್ರದಲ್ಲಿ ಕಾಣದು. 2021ರ ತಿದ್ದುಪಡಿ ನಿಯಮಗಳಂತೆ ‘ಮುಂದುವರಿಯುವ ಯೋಜನೆ’ಗೂ ಪ್ರಾರಂಭದ ವರ್ಷವನ್ನು ಬಿಟ್ಟು ಮೂರು ವರ್ಷಗಳ ಮಿತಿಯಿದೆ. ಮೂರನೆಯ ವಯಸ್ಸಿನಲ್ಲಿ ಕಥೆ ಕೇಳತೊಡಗಿದ ಮಗುವು ತಾನೇ ಸರಾಗವಾಗಿ ಓದುವುದಕ್ಕೆ ಅದಕ್ಕಿಂತ ಹೆಚ್ಚು ಕಾಲ ಬೇಕು. ಹಣ ನಿಂತ ದಿನ ಕೆಲಸವೂ ನಿಲ್ಲದಂತೆ ಪಂಚಾಯತಿಯ ಗ್ರಂಥಾಲಯಕ್ಕೋ ಅಂಗನವಾಡಿಗೋ ಅದನ್ನು ಮೊದಲೇ ಜೋಡಿಸಬೇಕು.

ತಾಯಿಗೆ ಓದು ಬಾರದಿದ್ದರೆ ಮನೆಯ ಪಾಲು ಅಲ್ಲಿಗೆ ಮುಗಿಯಿತೆಂದು ತಿಳಿಯಬಾರದು. ಆಕೆ ತನ್ನ ನುಡಿಯಲ್ಲಿ ಕಥೆ ಹೇಳಬಲ್ಲಳು. ಕಾರ್ಯಕರ್ತೆಯು ಅದನ್ನು ಕನ್ನಡ ಲಿಪಿಯಲ್ಲಿ ಬರೆದು, ಮಕ್ಕಳಿಂದ ಚಿತ್ರ ಬರೆಯಿಸಿ ಹೊಲಿದರೆ ಒಂದು ಪುಸ್ತಕವಾಗುತ್ತದೆ. ಅಮ್ಮನ ಮಾತು ಅಕ್ಷರವಾಗಿ ನಿಂತದ್ದನ್ನು ಕಂಡ ಮಗುವಿಗೆ ಪುಸ್ತಕವು ಪರರ ಸ್ವತ್ತಾಗಿ ತೋರುವುದಿಲ್ಲ. ಇದಕ್ಕೆ ತಗಲುವ ಖರ್ಚು ಅತ್ಯಲ್ಪ.

ಕಂಪೆನಿಗಳು ಇದನ್ನೆಲ್ಲ ಹೆಸರಿಗಾಗಿ ಮಾಡುತ್ತವೆಂಬ ಆಕ್ಷೇಪಣೆಯೊಂದಿದೆ. ಅಮೆರಿಕದ ಪಿಜ್ಜಾ ಹಟ್ ಕಂಪೆನಿಯು 1984ರಿಂದ, ಗೊತ್ತುಮಾಡಿದಷ್ಟು ಓದಿದ ಮಕ್ಕಳಿಗೆ ಪಿಜ್ಜಾ ತಿಂಡಿಯನ್ನು ಬಹುಮಾನವಾಗಿ ಕೊಡುವ ಕಾರ್ಯಕ್ರಮ ನಡೆಸಿತು. ಓದು ಬೆಳೆಯಿತೋ ತಿಂಡಿಯ ಗಿರಾಕಿಗಳು ಬೆಳೆದರೋ ಎಂಬ ಸಂಶಯವನ್ನು ಅಲ್ಲಿಯವರೇ ಎತ್ತಿದರು. ಸಂಶಯ ಇರಬೇಕಾದದ್ದೇ. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ 6ರಿಂದ 14 ವರ್ಷದ ಮಕ್ಕಳ ಶಿಕ್ಷಣ ಸರ್ಕಾರದ ಹೊಣೆ. ಯಾವ ದಾನವೂ ಆ ಹೊಣೆಯನ್ನು ಇಳಿಸಲಾರದು. ಆದರೆ ನೆರವನ್ನು ತಳ್ಳಿಹಾಕುವುದಕ್ಕಿಂತ ಅದನ್ನು ಸರಿಯಾದ ದಾರಿಗೆ ಹಚ್ಚುವುದು ವಿವೇಕ.

ಆದುದರಿಂದ ನಮ್ಮ ಊರಿಗೆ ಇಂತಹ ಯೋಜನೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳೋಣ. ಮಗುವಿನ ಓದನ್ನು ಕೇಳಲು ಯಾರಿದ್ದಾರೆ? ಮನೆಮಾತಿಗೆ ಇದರಲ್ಲಿ ಸ್ಥಳವಿದೆಯೆ? ನಾಲ್ಕು ವರ್ಷದ ಬಳಿಕ ಇದನ್ನು ಯಾರು ನಡೆಸುತ್ತಾರೆ? ಸಹಪಾಠಿಗಳಾದ ನಮ್ಮಲ್ಲಿ ಹಲವರಿಗೆ ಈ ತೋಟಗಳ ನುಡಿಗಳು ಬರುತ್ತವೆ, ಸಂಜೆಯ ಬಿಡುವೂ ಇದೆ. ವಾರಕ್ಕೆ ಒಂದು ಸಂಜೆಯನ್ನು ಹತ್ತಿರದ ಗ್ರಂಥಾಲಯದಲ್ಲಿ ಮಕ್ಕಳ ಓದನ್ನು ಕೇಳಲು ಮೀಸಲಿಟ್ಟರೆ, ಮೊದಲನೆಯ ಪ್ರಶ್ನೆಗೆ ಉತ್ತರ ನಮ್ಮ ಕಾಲೇಜಿನಿಂದಲೇ ದೊರೆತಂತಾಗುವುದು.