ಹಳ್ಳದ ನೀರು, ಹಗಲಿನ ಬಿಸಿಲು

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿಗೆ ಸೇರಿವೆ. ಇಲ್ಲಿ ಅಡಕೆ ತೋಟಗಳ ನಡುವೆ ಮನೆಗಳು ದೂರದೂರವಾಗಿ ಇರುತ್ತವೆ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಹಲವು ದಿನ ಕತ್ತಲೆಯೇ ಗತಿ. ಆದುದರಿಂದ ಮಲೆನಾಡಿನ ಕೆಲವು ಕೃಷಿಕರು ಹಳ್ಳದ ನೀರನ್ನು ಕೊಳವೆಯಲ್ಲಿ ಇಳಿಸಿ, ಪುಟ್ಟ ಟರ್ಬೈನು ತಿರುಗಿಸಿ, ಮನೆಗೆ ಬೇಕಾದ ವಿದ್ಯುತ್ತನ್ನು ಪಡೆಯುತ್ತಾರೆ. ಬೇಸಿಗೆಯಲ್ಲಿ ಹಳ್ಳ ಸೊರಗುತ್ತದೆ. ಆಗ ಬಿಸಿಲು ಪ್ರಖರವಾಗಿರುತ್ತದೆ. ಆಷಾಢದ ಮೋಡದಲ್ಲಿ ಸೌರಫಲಕ ಸೋತರೆ ಹಳ್ಳ ತುಂಬಿ ಹರಿಯುತ್ತದೆ. ಒಂದರ ಕೊರತೆಯನ್ನು ಮತ್ತೊಂದು ನೀಗಿಸುತ್ತದೆ.

ನಾಡಿನ ವಿದ್ಯುಜ್ಜಾಲಕ್ಕೂ ಈ ತತ್ತ್ವವೇ ಆಧಾರವಾಗಬೇಕಾಗಿದೆ. ಜಾಲದಲ್ಲಿ ಉತ್ಪಾದನೆಯೂ ಬಳಕೆಯೂ ಪ್ರತಿಕ್ಷಣ ಸಮವಾಗಿರಬೇಕು. ಇಲ್ಲವಾದರೆ ಸೆಕೆಂಡಿಗೆ 50 ಆವರ್ತಗಳೆಂಬ ನಿಯತ ಗತಿ ಏರುಪೇರಾಗುತ್ತದೆ. ಅದು ಮಿತಿ ಮೀರಿದರೆ ಊರೂರುಗಳೇ ಕತ್ತಲಲ್ಲಿ ಮುಳುಗಬಹುದು.

ಪಾವಗಡದ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವಾಟ್. ಆದರೆ ಮನೆಮನೆಗಳಲ್ಲಿ ದೀಪ ಬೆಳಗುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಚಿತ್ರದುರ್ಗದ ಬೆಟ್ಟಗಳ ಗಾಳಿಯಂತ್ರಗಳು ಮುಂಗಾರಿನಲ್ಲಿಯೇ ಹೆಚ್ಚು ತಿರುಗುತ್ತವೆ. ಇಂತಹ ವೇಳೆ ನೆರವಾಗುವುದು ಜಲಾಶಯದ ನೀರು. 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರವು ಹಗಲಿನಲ್ಲಿ ಉಳಿಸಿದ ನೀರನ್ನು ಸಂಜೆ ಬಳಸಬಲ್ಲದು. ಅದರ ಯಂತ್ರಗಳು ಕೆಲವೇ ನಿಮಿಷಗಳಲ್ಲಿ ಚಾಲನೆಗೊಳ್ಳುತ್ತವೆ.

ಆದರೆ ನೀರೂ ಅಕ್ಷಯವಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯವು ವಿದ್ಯುತ್ತಿನ ಅಭಾವವನ್ನು ಅನುಭವಿಸಿತು. ಆದಕಾರಣ ಹಗಲಿನ ಶಕ್ತಿಯನ್ನು ಬ್ಯಾಟರಿಗಳಲ್ಲಿ ಕೂಡಿಡುವುದೂ, ಪಂಪುಸೆಟ್ಟುಗಳನ್ನು ಬಿಸಿಲಿರುವಾಗಲೇ ನಡೆಸುವುದೂ ಅವಶ್ಯಕ. ಬಿಸಿಲು, ಗಾಳಿ, ನೀರು ಪ್ರಕೃತಿಯ ಕೊಡುಗೆಗಳು. ಅವುಗಳನ್ನು ಹೊಂದಿಸಿ ಬಳಸುವುದು ಮನುಷ್ಯನ ಹೊಣೆ.