ನೀರಿಗೆ ಕರಗುವ ಪೊಟ್ಟಣ: ಡಿಟರ್ಜೆಂಟ್ ಪಾಡ್ ಮತ್ತು ಮನೆಯ ಮಕ್ಕಳು

ನಗರದ ಮನೆಗಳಿಗೆ ಬಟ್ಟೆ ಒಗೆಯುವ ಯಂತ್ರದ ಬೆನ್ನಿಗೇ ಡಿಟರ್ಜೆಂಟ್ ಪಾಡ್ ಎಂಬ ಪುಟ್ಟ ಪೊಟ್ಟಣವೂ ಬಂದಿದೆ. ಅಳೆಯುವ, ಚೆಲ್ಲುವ ಗೋಜಿಲ್ಲ; ಒಂದು ಸಲದ ಒಗೆತಕ್ಕೆ ಒಂದು ಪಾಡ್. ಇದರ ಹೊರಪೊರೆ ಪಾಲಿವಿನೈಲ್ ಆಲ್ಕೊಹಾಲ್ ಎಂಬ, ನೀರಿನಲ್ಲಿ ಕರಗುವ ವಸ್ತು. ಒಳಗಿರುವುದು ಬಲು ಸಾಂದ್ರವಾದ ಮಾರ್ಜಕ. ಈ ಪೊರೆಗೆ ಯಂತ್ರದ ನೀರೂ ಒಂದೇ, ಒದ್ದೆ ಕೈಯೂ ಒಂದೇ, ಮಗುವಿನ ಜೊಲ್ಲೂ ಒಂದೇ.

ಆದುದರಿಂದ ಪಾಡನ್ನು ಒಣಗಿದ ಕೈಯಿಂದ ತೆಗೆದು, ಮೊದಲು ಖಾಲಿ ಡ್ರಮ್ಮಿನೊಳಗೆ ಹಾಕಿ, ಅನಂತರ ಬಟ್ಟೆ ತುಂಬಬೇಕು. ಪುಡಿಯ ಖಾನೆಯಲ್ಲಿಟ್ಟರೆ ಅರ್ಧಂಬರ್ಧ ಕರಗಿ ಅಲ್ಲಿಯೇ ಅಂಟಿಕೊಳ್ಳುತ್ತದೆ. ಬಟ್ಟೆಯನ್ನು ತುರುಕಿ ತುಂಬಿದಾಗಲೂ, ದೆಹಲಿಯ ಚಳಿಗಾಲದಲ್ಲಿ ನಲ್ಲಿಯ ನೀರು ಕೊರೆಯುವಾಗಲೂ ಪೊರೆಯು ಬಟ್ಟೆಯ ಮಡಿಕೆಗಳಲ್ಲಿ ಲೋಳೆಯಾಗಿ ಉಳಿಯುವುದುಂಟು. ಅಂಥ ಬಟ್ಟೆಯನ್ನು ಒಣಹಾಕದೆ, ಅದು ತಾಳುವಷ್ಟು ಬೆಚ್ಚನೆಯ ನೀರಿನಲ್ಲಿ ಮತ್ತೊಮ್ಮೆ ಜಾಲಿಸಬೇಕು. ಮುಂಬಯಿಯ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಪಾಡುಗಳು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ನಾಲ್ಕೇ ಬಟ್ಟೆಗಳಿವೆಯೆಂದು ಪಾಡನ್ನು ಕತ್ತರಿಸಿ ಅರ್ಧ ಬಳಸುವ ಮಿತವ್ಯಯ ಮಾತ್ರ ಸಲ್ಲದು. ಅದಕ್ಕೆ ಪುಡಿಯೇ ಲೇಸು.

ಇವೆಲ್ಲ ಬಟ್ಟೆಯ ತೊಂದರೆಗಳು. ಮಕ್ಕಳ ಮಾತು ಬೇರೆ. ಬಣ್ಣಬಣ್ಣದ ಪಾಡ್ ಅವರ ಕಣ್ಣಿಗೆ ಮಿಠಾಯಿ. ಅಮೆರಿಕದಲ್ಲಿ 2012ರಿಂದ ಇವುಗಳ ಬಳಕೆ ಹೆಚ್ಚಿದಂತೆ, ಚಿಕ್ಕ ಮಕ್ಕಳು ಇವನ್ನು ಕಚ್ಚಿದ ಸಾವಿರಾರು ಪ್ರಕರಣಗಳು ಅಲ್ಲಿಯ ವಿಷ ಮಾಹಿತಿ ಕೇಂದ್ರಗಳಿಗೆ ಬಂದವು. ಐರೋಪ್ಯ ಒಕ್ಕೂಟವು 2015ರಿಂದ ಪೊರೆಯಲ್ಲಿ ಕಹಿ ಪದಾರ್ಥವಿರಬೇಕೆಂದೂ, 20 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಅದು ಕನಿಷ್ಠ 30 ಸೆಕೆಂಡು ತಾಳಬೇಕೆಂದೂ ವಿಧಿಸಿತು. ಆದರೆ ಕಹಿಯ ಅರಿವಾಗುವ ಹೊತ್ತಿಗೆ ಮಗು ಕಚ್ಚಿ ಆಗಿರುತ್ತದೆ. ಒಂದೇ ಕೋಣೆಯ ಬಿಡಾರಗಳಲ್ಲಿ ಯಂತ್ರವೂ ಅಡಿಗೆಮನೆಯಲ್ಲಿಯೇ ಇರುವುದರಿಂದ, ಪಾಡಿನ ಡಬ್ಬಿ ತಿಂಡಿಯ ಡಬ್ಬಿಗಳ ಸಾಲಿಗೆ ಸೇರದೆ ಎತ್ತರದ ಕಪಾಟಿನಲ್ಲಿ ಬೀಗದೊಳಗಿರಬೇಕು.

ಮಗು ಪಾಡನ್ನು ಕಚ್ಚಿದರೆ ಬಾಯಿಯನ್ನು ಒರೆಸಿ ತೊಳೆಯಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ರೂಢಿ ಇಲ್ಲಿ ಅಪಾಯಕರ; ನೊರೆಯು ಶ್ವಾಸನಾಳಕ್ಕೆ ಇಳಿಯಬಹುದು. ವಾಂತಿ, ಕೆಮ್ಮು, ಮಂಪರು, ಉಸಿರಾಟದ ಕಷ್ಟ ಕಾಣುವವರೆಗೆ ಕಾಯದೆ, ಡಬ್ಬಿಯನ್ನೂ ಜೊತೆಗೆ ಹಿಡಿದು ಆಸ್ಪತ್ರೆಗೆ ಹೊರಡುವುದು ಉಚಿತ. ದ್ರವ ಕಣ್ಣಿಗೆ ಸಿಡಿದರೆ ಆಸ್ಪತ್ರೆಗಿಂತ ನಲ್ಲಿ ಮೊದಲು: ರೆಪ್ಪೆ ಬಿಡಿಸಿ, ಹದಿನೈದು ನಿಮಿಷ ನೀರು ಹರಿಸಿ, ಆಮೇಲೆ ವೈದ್ಯರಲ್ಲಿಗೆ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವು 1800 116 117 ಎಂಬ ಶುಲ್ಕರಹಿತ ದೂರವಾಣಿಯಲ್ಲಿ ಹಗಲಿರುಳೂ ಸಲಹೆ ಕೊಡುತ್ತದೆ.