ಹಬ್ಬದ ಮನೆಯಲ್ಲಿ ಮಗು ಯಾರ ಬಳಿ?

ಡಿಸೆಂಬರ್ ತಿಂಗಳು ಬಂತೆಂದರೆ ಹಾಸನ ಸೀಮೆಯಲ್ಲಿ ಚಳಿಯೊಂದಿಗೆ ಕೆಲಸವೂ ಏರುತ್ತದೆ. ಅರಕಲಗೂಡು, ಹೊಳೆನರಸೀಪುರದ ಹಳ್ಳಿಗಳಲ್ಲಿ ರಾಗಿಯ ಕೊಯ್ಲು ಮುಗಿಸಿ ಮೆದೆ ಒಟ್ಟುವ, ಒಕ್ಕಣೆಗೆ ಅಣಿಯಾಗುವ ಕಾಲವದು. ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಿಯೂ ಬಿಡುವಿಲ್ಲ. ಇದೇ ಹೊತ್ತಿಗೆ ನಮ್ಮ ಕಥೋಲಿಕ ಕುಟುಂಬಗಳಿಗೆ ಆಗಮನ ಕಾಲವೂ ಬರುತ್ತದೆ. ಮನೆಗೆ ಸುಣ್ಣಬಣ್ಣ, ಬಾಗಿಲಿಗೆ ನಕ್ಷತ್ರ, ಮೂಲೆಯಲ್ಲಿ ಗೋದಲಿ, ಹೊಸಬಟ್ಟೆ, ಪಾಪನಿವೇದನೆ, ಕ್ಯಾರಲ್ ತಂಡದ ಸ್ವಾಗತ, ನೆರೆಹೊರೆಗೆ ಹಂಚುವ ತಿಂಡಿ, ನಂಟರ ಆಗಮನ, ನಡುರಾತ್ರಿಯ ಬಲಿಪೂಜೆ. ಗೃಹಿಣಿಯ ಮನಸ್ಸಿನಲ್ಲಿ ಈ ಪಟ್ಟಿ ನವೆಂಬರ್‌ನಲ್ಲಿಯೇ ಸಿದ್ಧವಾಗಿರುತ್ತದೆ.

ಆ ಪಟ್ಟಿಗೆ ಒಗ್ಗದ ವ್ಯಕ್ತಿಯೊಬ್ಬರು ಕೆಲವು ಮನೆಗಳಲ್ಲಿರುತ್ತಾರೆ. ಅವರಿಗೆ ಒಂದೋ ಎರಡೋ ವರ್ಷ. ನಡೆಯಲು ಕಲಿತಿದ್ದಾರೆ, ನಿಲ್ಲಲು ಕಲಿತಿಲ್ಲ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಹಬ್ಬವೆಂದರೇನೆಂದು ತಿಳಿಯದು, ಮನೆ ತುಂಬ ಜನ, ಅಮ್ಮನಿಗೆ ಪುರುಸೊತ್ತಿಲ್ಲ ಎಂಬುದಷ್ಟೇ ತಿಳಿಯುತ್ತದೆ. ಇಂತಹ ಮಗುವಿರುವ ಮನೆಯವರಿಗಾಗಿ, ಅಂತಹ ಮನೆಗೆ ಹೋಗಲಿರುವ ನಂಟರಿಗಾಗಿಯೂ, ಈ ವಾರ ಕೆಲವು ಮಾತುಗಳನ್ನು ಹೇಳಬಯಸುತ್ತೇವೆ.

ಇಪ್ಪತ್ತು ನಿಮಿಷ

ಕೆಲವು ವರ್ಷಗಳ ಹಿಂದಿನ ಮಾತು. ಡಿಸೆಂಬರ್ 23ರ ಸಂಜೆ ಅರಕಲಗೂಡು ಕಡೆಯ ನಮ್ಮ ಹಿರಿಯರ ಮನೆಯಲ್ಲಿ ಹದಿನಾರು ಮಂದಿ ಸೇರಿದ್ದೆವು. ಒಳಗೆ ಕಜ್ಜಾಯ, ಚಕ್ಕುಲಿಗಳ ಬಾಣಲೆ. ಜಗಲಿಯಲ್ಲಿ ಗೋದಲಿ ಕಟ್ಟುವ ಹುಡುಗರ ಗದ್ದಲ. ಅಂಗಳದಲ್ಲಿ ಹಾಸನದಿಂದ ಬಂದವರ ಕುಶಲೋಪರಿ. ನಮ್ಮ ಮಗುವಿಗೆ ಆಗ ಒಂದೂವರೆ ವರ್ಷ. ಎಲ್ಲರ ಕಂಕುಳಲ್ಲಿಯೂ ಒಂದೊಂದು ಸುತ್ತು ಬಂದಿತ್ತು.

‘ಮಗುವಿಗೆ ಹಾಲು ಕೊಟ್ಟಿರಾ?’ ಎಂದು ಅಜ್ಜಿ ಕೇಳಿದಾಗಲೇ ಮಗು ಯಾರ ಬಳಿಯೂ ಇಲ್ಲವೆಂಬುದು ತಿಳಿದದ್ದು. ತಾಯಿಗೆ ಅದು ತಂದೆಯ ಬಳಿ ಇದೆಯೆಂಬ ನಂಬಿಕೆ. ತಂದೆಗೆ ಅತ್ತೆಯ ಬಳಿ ಎಂದು. ಅತ್ತೆಗೆ ಹುಡುಗರ ಬಳಿ ಎಂದು. ಹಿತ್ತಿಲ ಬಾಗಿಲು ತೆರೆದಿತ್ತು. ಹಿತ್ತಿಲಿನಾಚೆ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡವಿತ್ತು. ಗಂಡಸರು ಅತ್ತ ಓಡಿದರು. ಒಬ್ಬರು ಆ ಚಳಿಯಲ್ಲಿ ನೀರಿಗಿಳಿದೇಬಿಟ್ಟರು. ಒಳಗೆ ಒಲೆಯ ಮೇಲಿನ ಕಜ್ಜಾಯ ಕರಕಲಾಗುತ್ತಿದ್ದರೂ ಯಾರಿಗೂ ಅದರ ಪರಿವೆಯಿರಲಿಲ್ಲ.

ಇಪ್ಪತ್ತು ನಿಮಿಷಗಳ ಬಳಿಕ ಮಗು ದನದ ಕೊಟ್ಟಿಗೆಯಲ್ಲಿ ಸಿಕ್ಕಿತು. ಗೋದಲಿಯಿಂದ ಹುಲ್ಲಿನ ಎಸಳುಗಳನ್ನು ಹಿರಿದು ಕರುವಿಗೆ ತಿನ್ನಿಸುತ್ತ ನೆಮ್ಮದಿಯಾಗಿ ಕುಳಿತಿತ್ತು. ಯಾರೂ ಯಾರನ್ನೂ ಬೈಯಲಿಲ್ಲ. ಬೈಯುವ ಶಕ್ತಿ ಯಾರಲ್ಲಿಯೂ ಉಳಿದಿರಲಿಲ್ಲ. ಆ ರಾತ್ರಿ ಜಪಸರ ಹೇಳುವಾಗ ಅಜ್ಜಿಯ ದನಿ ಎರಡು ಬಾರಿ ನಿಂತುಹೋಯಿತು.

ಸಂತ ಲೂಕನು ಬರೆದ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ನಾವು ಕ್ರಿಸ್ತಜಯಂತಿಗೆಂದೇ ಓದುತ್ತೇವೆ. ಅದೇ ಅಧ್ಯಾಯದ ಕೊನೆಯಲ್ಲಿ ಪವಿತ್ರ ಕುಟುಂಬವು ಜೆರುಸಲೇಮಿನ ಪಾಸ್ಕ ಹಬ್ಬಕ್ಕೆ ಹೋಗಿ ಹಿಂದಿರುಗುವ ಪ್ರಸಂಗವಿದೆ. ಹನ್ನೆರಡು ವರ್ಷದ ಬಾಲ ಯೇಸು ಯಾತ್ರಿಕರ ಗುಂಪಿನಲ್ಲಿ, ಬಂಧುಬಳಗದ ನಡುವೆ ಇರಬಹುದೆಂದು ಭಾವಿಸಿ ಮರಿಯಮ್ಮನವರೂ ಜೋಸೆಫರೂ ಒಂದು ದಿನದ ದಾರಿ ನಡೆದುಬಿಟ್ಟಿದ್ದರು. ಬಾಲಕ ಸಿಕ್ಕಿದ್ದು ಮೂರು ದಿನಗಳ ಬಳಿಕ. ಅಷ್ಟು ಎಚ್ಚರದ ತಂದೆತಾಯಿಗಳಿಗೂ ಹಬ್ಬದ ಗುಂಪಿನಲ್ಲಿ ಹೀಗಾಯಿತು. ಎಲ್ಲರೂ ನೋಡಿಕೊಳ್ಳುತ್ತಿದ್ದಾರೆ ಎಂಬ ಮನೆಯಲ್ಲಿ ಕೆಲವೊಮ್ಮೆ ಯಾರೂ ನೋಡಿಕೊಳ್ಳುತ್ತಿರುವುದಿಲ್ಲ.

ಒಬ್ಬರ ಹೆಸರು

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ ಬಂದಿದೆ. ಹಬ್ಬದ ದಿನಗಳಲ್ಲಿ ಪ್ರತಿ ಗಂಟೆಗೂ ಒಬ್ಬರ ಹೆಸರಿಗೆ ಮಗು. ಆ ಹೊತ್ತಿನಲ್ಲಿ ಅವರಿಗೆ ಬೇರೆ ಕೆಲಸವಿಲ್ಲ, ಕೈಯಲ್ಲಿ ಮೊಬೈಲೂ ಇಲ್ಲ. ಮಗುವನ್ನು ಇನ್ನೊಬ್ಬರಿಗೆ ಒಪ್ಪಿಸುವಾಗ ‘ಇನ್ನು ನಿಮ್ಮ ಬಳಿ’ ಎಂದು ಬಾಯಿಬಿಟ್ಟು ಹೇಳಬೇಕು. ಪಡೆದವರು ‘ಆಗಲಿ’ ಎನ್ನಬೇಕು. ಮೊದಲು ನಂಟರು ನಕ್ಕರು. ಈಗ ಅವರ ಮನೆಗಳಲ್ಲಿಯೂ ಇದು ನಡೆಯುತ್ತಿದೆ.

ಹೇಮಾವತಿಯ ನದಿ, ನಾಲೆ, ಕೆರೆ, ಕೃಷಿ ಹೊಂಡಗಳ ನಡುವೆ ಬಾಳುವ ನಮಗೆ ಇದು ಅತಿಯಾದ ಎಚ್ಚರವಲ್ಲ. ಪುಟ್ಟ ಮಗುವಿಗೆ ಹೊಳೆಯೇ ಬೇಕಿಲ್ಲ. ಬಚ್ಚಲಿನ ಬಕೆಟ್ಟಿನಲ್ಲಿ ಉಳಿದ ಗೇಣುದ್ದ ನೀರೂ ಸಾಕು. ಹಿತ್ತಿಲ ಬಾಗಿಲಿಗೆ ಮೇಲಿನ ಚಿಲಕ, ಬಕೆಟ್ಟನ್ನು ಬರಿದುಮಾಡಿ ಬೋರಲಿಡುವ ರೂಢಿ: ಇವೆರಡಕ್ಕೆ ಖರ್ಚೇನೂ ಇಲ್ಲ.

ಶೆಟ್ಟಿಹಳ್ಳಿಯ ರೋಸರಿ ದೇವಾಲಯದ ಬಗ್ಗೆಯೂ ಒಂದು ಮಾತು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಆ ಗುಡಿ ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ, ನೀರಿಳಿದಂತೆ ಮೇಲೇಳುತ್ತದೆ. ರಜೆಗೆ ಬಂದ ನಂಟರನ್ನು ಅಲ್ಲಿಗೆ ಕರೆದೊಯ್ಯುವುದು ನಮ್ಮವರ ವಾಡಿಕೆ. ನಮ್ಮ ಪೂರ್ವಿಕರು ಪ್ರಾರ್ಥಿಸಿದ ನೆಲವದು, ಹೋಗಬೇಕಾದದ್ದೇ. ಆದರೆ ನೀರಿನ ಅಂಚು ಕೆಸರು, ಗೋಡೆಗಳು ಶಿಥಿಲ. ಫೋಟೋ ತೆಗೆಯುವವರ ಕೈ ಬೇರೆ, ಮಗುವನ್ನು ಹಿಡಿಯುವವರ ಕೈ ಬೇರೆ ಆಗಿರಲಿ.

ಬಾಣಲೆಯೂ ಬಟ್ಟಲೂ

ಹಬ್ಬದ ತಿಂಡಿಯಲ್ಲಿ ನಮ್ಮದು ಶ್ರೀಮಂತ ಜಿಲ್ಲೆ. ಕನ್ನಡ ಮನೆಗಳ ಕಜ್ಜಾಯ, ಕರ್ಜಿಕಾಯಿ; ಕರಾವಳಿಯಿಂದ ಬಂದ ಕೊಂಕಣಿ ಕುಟುಂಬಗಳ ಕುಸ್ವಾರ್; ಜೊತೆಗೆ ಎಲ್ಲರ ಮನೆಯ ಕೇಕು. ಆದರೆ ಕಾದ ಎಣ್ಣೆಯ ಬಳಿ ನಡೆದಾಡುವ ಮಗುವಿರಬಾರದು. ಮಗು ಮಲಗಿದ ಮೇಲೆ ಕರಿಯಿರಿ, ಇಲ್ಲವೇ ಇಬ್ಬರು ಕರಿಯುವಾಗ ಮೂರನೆಯವರು ಮಗುವನ್ನು ಹೊರಗೆ ಒಯ್ಯಲಿ. ಅಕಸ್ಮಾತ್ ಸುಟ್ಟರೆ ಆ ಭಾಗದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಟ್ಟು, ಬಳಿಕ ಶುಭ್ರವಾದ ಬಟ್ಟೆ ಹೊದಿಸಿ ವೈದ್ಯರ ಬಳಿಗೆ ನಡೆಯಬೇಕು. ಟೂತ್‌ಪೇಸ್ಟು, ಬೆಣ್ಣೆ, ಮಂಜುಗಡ್ಡೆ ಯಾವುದೂ ಸಲ್ಲದು.

ಎರಡನೆಯ ಅಪಾಯ ತಟ್ಟೆಯಲ್ಲಿದೆ. ಇಡೀ ಕಡಲೆಕಾಯಿ ಬೀಜ, ಗೋಡಂಬಿ, ಗಟ್ಟಿ ಚಕ್ಕುಲಿಯ ತುಂಡು, ದುಂಡನೆಯ ಪೆಪ್ಪರಮೆಂಟು ಪುಟ್ಟ ಮಗುವಿನ ಉಸಿರುನಾಳಕ್ಕೆ ಸಿಕ್ಕಿಕೊಳ್ಳಬಲ್ಲವು. ಇಡಿಯಾದ ಬೀಜಗಳನ್ನು ಐದು ವರ್ಷ ತುಂಬುವವರೆಗೆ ಕೊಡದಿರುವುದೇ ಲೇಸು. ಪ್ರೀತಿಯಿಂದ ಮಗುವಿನ ಬಾಯಿಗೆ ತಿಂಡಿಯಿಡುವ ಅತಿಥಿಗಳನ್ನು ತಡೆಯಲು ತಾಯಿಗೆ ಸಂಕೋಚ. ಆ ಮಾತನ್ನು ಮನೆಯ ಹಿರಿಯರೇ ಆಡಿದರೆ ಯಾರಿಗೂ ಬೇಸರವಾಗದು.

ಇನ್ನೊಂದು ಸಂಗತಿ ಮರೆಯಬಾರದು. 16ರಿಂದ 24 ತಿಂಗಳ ನಡುವೆ ದಡಾರ-ರುಬೆಲ್ಲಾದ ಎರಡನೆಯ ಡೋಸೂ ಇತರ ವರ್ಧಕ ಲಸಿಕೆಗಳೂ ಬರುತ್ತವೆ. ಹಬ್ಬದ ಓಡಾಟದಲ್ಲಿ ಆ ದಿನಾಂಕ ತಪ್ಪುವುದುಂಟು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯ ಜನರನ್ನು ಸಿಡುಬಿನ ಲಸಿಕೆಗೆ ಒಪ್ಪಿಸಲು ಶ್ರಮಿಸಿದವರು, ಜನರು ‘ದೊಡ್ಡಸ್ವಾಮಿ’ ಎಂದು ಕರೆದ ಫಾದರ್ ದ್ಯುಬುವಾ. ಅವರ ಸೇವೆಯ ಫಲವುಂಡ ನೆಲದಲ್ಲಿ ಲಸಿಕೆಯ ಚೀಟಿ ಹಬ್ಬದ ಪಟ್ಟಿಯಲ್ಲಿ ಇರಬೇಡವೇ?

ನಡುರಾತ್ರಿಯ ಬಲಿಪೂಜೆ

ಎಳೆಯ ದಂಪತಿಗಳು ನಮ್ಮಲ್ಲಿ ಹೆಚ್ಚಾಗಿ ಕೇಳುವ ಪ್ರಶ್ನೆ ಇದು: ‘ಮಗುವನ್ನು ರಾತ್ರಿಯ ಪೂಜೆಗೆ ಕರೆದೊಯ್ಯಬೇಕೇ? ಹೋಗದಿದ್ದರೆ ಪಾಪವೇ?’

ಧರ್ಮಸಭೆಯ ಉತ್ತರ ನಾವು ಎಣಿಸುವುದಕ್ಕಿಂತ ಕರುಣಾಮಯವಾಗಿದೆ. 1983ರ ಧರ್ಮಸಭಾ ಕಾನೂನಿನ 11ನೆಯ ವಿಧಿಯ ಪ್ರಕಾರ ಏಳು ವರ್ಷ ತುಂಬದ ಮಕ್ಕಳಿಗೆ ಇಂತಹ ಕಟ್ಟಳೆಗಳು ಅನ್ವಯಿಸುವುದಿಲ್ಲ. 1248ನೆಯ ವಿಧಿಯಂತೆ ಹಬ್ಬದ ದಿನವಾಗಲಿ ಹಿಂದಿನ ಸಂಜೆಯಾಗಲಿ ಪೂಜೆಯಲ್ಲಿ ಪಾಲ್ಗೊಂಡರೆ ಕರ್ತವ್ಯ ನೆರವೇರಿದಂತೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು ತನ್ನ 2181ನೆಯ ಪರಿಚ್ಛೇದದಲ್ಲಿ, ಪೂಜೆಗೆ ಬರಲಾಗದಿರಲು ಗಂಭೀರ ಕಾರಣಗಳಿಗೆ ಉದಾಹರಣೆಯಾಗಿ ಎರಡನ್ನು ಹೆಸರಿಸುತ್ತದೆ. ಒಂದು ಕಾಯಿಲೆ, ಇನ್ನೊಂದು ಎಳೆಯ ಮಕ್ಕಳ ಆರೈಕೆ.

ಕ್ರಿಸ್ತಜಯಂತಿಗೆ ಪೂಜಾವಿಧಿಯಲ್ಲಿ ನಾಲ್ಕು ಬಲಿಪೂಜೆಗಳಿವೆ: ಜಾಗರಣೆಯದು, ರಾತ್ರಿಯದು, ಮುಂಜಾನೆಯದು, ಹಗಲಿನದು. ಹಗಲಿನ ಪೂಜೆಗೆ ಹೋದವರ ಹಬ್ಬ ಒಂದಿಷ್ಟೂ ಕಡಿಮೆಯದಲ್ಲ. ರೋಮಿನಲ್ಲಿಯೇ 2009ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ರಾತ್ರಿಯ ಪೂಜೆಯನ್ನು ಹತ್ತು ಗಂಟೆಗೆ ತಂದರು. 2020ರ ಕೋವಿಡ್ ಕಾಲದಲ್ಲಿ ಅದು ಏಳೂವರೆಗೇ ನಡೆಯಿತು. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗೂ ಎತ್ತರದಲ್ಲಿರುವ ಹಾಸನದ ಡಿಸೆಂಬರ್ ಮಂಜಿನಲ್ಲಿ, ನಡುರಾತ್ರಿ, ಸ್ಕೂಟರಿನ ಮೇಲೆ ಮಗುವನ್ನು ಒಯ್ಯುವ ಹರಕೆಯನ್ನು ಯಾರೂ ಕೇಳಿಲ್ಲ. ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ರೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ತಂದೆ ರಾತ್ರಿಗೆ, ತಾಯಿ ಬೆಳಿಗ್ಗೆಗೆ ಎಂದು ಹಂಚಿಕೊಳ್ಳಬಹುದು. ಇಲ್ಲವೇ ಎಲ್ಲರೂ ಕೂಡಿ ಹಗಲಿನ ಪೂಜೆಗೆ ಹೋಗಬಹುದು.

ಹಾಗೆಂದು ಮಗುವನ್ನು ದೇವಾಲಯದಿಂದ ದೂರವಿಡಿ ಎಂದಲ್ಲ. ಪೂಜೆಯಲ್ಲಿ ಮಗು ಅತ್ತರೆ ಮುಂದಿನ ಸಾಲಿನವರು ಹೊರಳಿ ನೋಡುವ ನೋಟವಿದೆಯಲ್ಲ, ಅದಕ್ಕೆ ಅಂಜಿ ವರ್ಷಗಟ್ಟಲೆ ಬಾಗಿಲಾಚೆ ನಿಂತ ತಾಯಂದಿರಿದ್ದಾರೆ. 2025ರಲ್ಲಿ ದೈವಾಧೀನರಾದ ಪೋಪ್ ಫ್ರಾನ್ಸಿಸರು 2014ರ ಡಿಸೆಂಬರಿನಲ್ಲಿ ರೋಮಿನ ಧರ್ಮಕೇಂದ್ರವೊಂದಕ್ಕೆ ಭೇಟಿಯಿತ್ತಾಗ, ಅಳುವ ಮಕ್ಕಳನ್ನು ದೇವಾಲಯದಿಂದ ಹೊರಗಟ್ಟಬಾರದೆಂದೂ, ಮಗುವಿನ ಅಳು ದೇವರ ದನಿಯೇ ಎಂದೂ ತಿಳಿಸಿದ್ದರು. ನಮ್ಮ ಧರ್ಮಕೇಂದ್ರಗಳಲ್ಲಿ ಪಕ್ಕದ ಬಾಗಿಲಿನ ಬಳಿ ಎರಡು ಬೆಂಚುಗಳನ್ನು ಎಳೆಯ ಮಕ್ಕಳ ತಂದೆತಾಯಿಗಳಿಗೆ ಬಿಟ್ಟುಕೊಟ್ಟರೆ ಎಷ್ಟೋ ಉಪಕಾರ. ಅದಕ್ಕೂ ಮೊದಲು ಬೇಕಾದದ್ದು ಹೊರಳಿ ನೋಡುವವರ ಮುಖದ ಮೇಲೊಂದು ನಗೆ.

ನಂಟರ ಮನೆಗಳು

ಹಾಸನದಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಯಾವುದೂ ದೂರವಲ್ಲ. ಅದೇ ತೊಡಕು. ಹತ್ತಿರವಿದ್ದಾರೆಂದು ಮೂರು ದಿನಗಳಲ್ಲಿ ಮೂರು ಊರುಗಳನ್ನೂ ಮುಗಿಸಲು ಹೊರಡುತ್ತೇವೆ. ಹಬ್ಬದ ದಿನಗಳ ಬಸ್ಸಿನ ನೂಕುನುಗ್ಗಲು, ಹೊತ್ತು ಮೀರಿದ ಊಟ, ಹೊಸ ಮನೆಯ ಹಾಸಿಗೆ. ಮೂರನೆಯ ಮನೆಯಲ್ಲಿ ಮಗು ಹಟ ಹಿಡಿದರೆ ‘ಮಗುವನ್ನು ಮುದ್ದಿನಿಂದ ಕೆಡಿಸಿದ್ದೀರಿ’ ಎಂಬ ಮಾತು ಬೇರೆ. ಮಗು ಕೆಟ್ಟಿರುವುದಿಲ್ಲ, ದಣಿದಿರುತ್ತದೆ. ಅದರ ತಾಯಿಯೂ ದಣಿದಿರುತ್ತಾಳೆ. ಅವಳಿಗೆ ಅಳಲು ಅವಕಾಶವಿಲ್ಲ, ಅಷ್ಟೇ.

ದಿನಕ್ಕೊಂದೇ ಮನೆ, ಮಧ್ಯಾಹ್ನದ ನಿದ್ರೆ ತಪ್ಪದಂತೆ. ಕ್ರಿಸ್ತಜಯಂತಿಯ ಕಾಲ 25ಕ್ಕೇ ಮುಗಿಯುವುದಿಲ್ಲ. ಪ್ರಭುವಿನ ಸ್ನಾನದೀಕ್ಷೆಯ ಹಬ್ಬದವರೆಗೆ ಸಾಗುತ್ತದೆ. ಉಳಿದ ಮನೆಗಳಿಗೆ ಜನವರಿಯಲ್ಲಿ ಹೋದರೆ ಯಾರೂ ಬಾಗಿಲು ಹಾಕುವುದಿಲ್ಲ. ಹಿರಿಯರೇ ಒಂದು ವರ್ಷ ಮಗುವಿರುವ ಮನೆಗೆ ತಿಂಡಿಯ ಡಬ್ಬಿಯೊಂದಿಗೆ ಬಂದು, ಮಗುವನ್ನು ಎರಡು ಗಂಟೆ ನೋಡಿಕೊಂಡು ತಾಯಿಯನ್ನು ಮಲಗಿಸಿದರೆ, ಅದಕ್ಕಿಂತ ದೊಡ್ಡ ಕಾಣಿಕೆ ಇಲ್ಲ.

ಗೋದಲಿ ಮುಟ್ಟುವ ಕೈ

ನಮ್ಮ ಮನೆಯ ಗೋದಲಿಯಲ್ಲಿ ಒಬ್ಬ ಕುರುಬನಿಗೆ ಕೈಯಿಲ್ಲ, ಒಂಟೆಗೆ ಒಂದು ಕಾಲಿಲ್ಲ. ಪ್ರತಿ ವರ್ಷವೂ ಪುಟ್ಟ ಕೈಗಳು ಏನಾದರೊಂದನ್ನು ಎತ್ತಿಕೊಂಡು ಹೋಗುತ್ತವೆ. ಮೊದಲು ಗದರುತ್ತಿದ್ದೆವು. ಈಗ ಕೆಳಸಾಲಿನಲ್ಲಿ ಒಡೆಯದ ಮರದ, ಬಟ್ಟೆಯ ಗೊಂಬೆಗಳನ್ನಿಡುತ್ತೇವೆ. ಬಲ್ಬಿನ ತಂತಿಯನ್ನು ಮೇಲಕ್ಕೆ ಕಟ್ಟುತ್ತೇವೆ. 1223ರಲ್ಲಿ ಗ್ರೆಚ್ಚೋ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸ್ ಅಸ್ಸಿಸಿಯವರು ಕ್ರಿಸ್ತಜಯಂತಿಗೆ ಗೋದಲಿಯನ್ನು ಅಣಿಗೊಳಿಸಿದಾಗ ಅಲ್ಲಿದ್ದದ್ದು ನಿಜವಾದ ಹುಲ್ಲು, ನಿಜವಾದ ಎತ್ತು, ಕತ್ತೆ. ದೂರದಿಂದ ನೋಡುವ ವಸ್ತುವಾಗಿ ಅವರು ಅದನ್ನು ಮಾಡಲಿಲ್ಲ. ಜನರು ಬಳಿಗೆ ಬರಲೆಂದು ಮಾಡಿದರು.

ಈ ವರ್ಷವೂ ನಮ್ಮ ಪಟ್ಟಿ ಅರ್ಧಕ್ಕೇ ನಿಲ್ಲಬಹುದು. ಕರ್ಜಿಕಾಯಿ ಆಗದೆ ಇರಬಹುದು. ಕಿಟಕಿಯ ಪರದೆ ಹಳೆಯದೇ ಇರಬಹುದು. ಆದರೆ ಹಬ್ಬದ ಮನೆಯಲ್ಲಿ ಯಾರಾದರೂ ‘ಮಗು ಯಾರ ಬಳಿ?’ ಎಂದು ಕೇಳಿದರೆ, ‘ನನ್ನ ಬಳಿ’ ಎಂಬ ಉತ್ತರ ಒಡನೆಯೇ ಬರಬೇಕು. ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಮಗುವಿನ ಬಳಿಯೂ ಅಂದು ಇಬ್ಬರು ಎಚ್ಚರವಾಗಿದ್ದರು. ಬೇರೆ ಸಿದ್ಧತೆ ಅಲ್ಲಿ ಹೆಚ್ಚೇನೂ ಇರಲಿಲ್ಲ.